ಬಂದೂಕಿನ ನಿಯಮ: ನಿಜಕ್ಕೆ ಎಷ್ಟು, ಆಟಕ್ಕೆ ಎಷ್ಟು?

ಪ್ರಶ್ನೆ: ನಾವು ಐವರು ಗೆಳೆಯರು ಭಾನುವಾರಗಳಂದು ಸೇರಿ ದಾಳ ಉರುಳಿಸಿ ಕಾಲ್ಪನಿಕ ಪಾತ್ರಗಳನ್ನು ನಡೆಸುವ ಮೇಜಿನಾಟವಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಐದನೆಯ ಆವೃತ್ತಿಯನ್ನು ಆಡುತ್ತೇವೆ, ಆಟ ನಡೆಸುವವನು ನಾನು. ಈಚೆಗೆ ಕಥೆಯೊಳಗೆ ಮದ್ದು ತುಂಬಿ ಹೊಡೆಯುವ ಬಂದೂಕುಗಳನ್ನು ತಂದೆ. ಆಯುಧಗಳ ಬಗ್ಗೆ ಬಹಳ ಓದಿಕೊಂಡಿರುವ ಗೆಳೆಯರೊಬ್ಬರು, ಎದೆಗೆ ಗುಂಡು ಬಿದ್ದವನು ಮರುಕ್ಷಣವೇ ಕತ್ತಿ ಬೀಸುವುದು ಹಾಸ್ಯಾಸ್ಪದವೆಂದು ಆಕ್ಷೇಪಿಸಿದರು. ಅವರ ಸಲಹೆಯಂತೆ ಗುಂಡು ತಗುಲಿದ ಜಾಗ, ಅದರ ವೇಗ, ರಕ್ತಸ್ರಾವ ಎಲ್ಲಕ್ಕೂ ಕೋಷ್ಟಕ ಬರೆದು ಒಂದು ಕಾಳಗ ಆಡಿಸಿದೆ. ಅದಕ್ಕೆ ಇಡೀ ಮಧ್ಯಾಹ್ನ ಹಿಡಿಯಿತು. ಆರಂಭದಲ್ಲೇ ಪಾತ್ರ ಕಳೆದುಕೊಂಡ ಇಬ್ಬರು ಕೊನೆಯವರೆಗೂ ಮೊಬೈಲ್ ನೋಡುತ್ತ ಕುಳಿತರು. ನಾನು ನೈಜತೆಯನ್ನು ಬಿಡಬೇಕೋ, ಮೋಜನ್ನು ಬಿಡಬೇಕೋ?

ಉತ್ತರ: ನಿಮ್ಮ ಗೆಳೆಯರ ಆಕ್ಷೇಪವನ್ನು ಮೊದಲು ತೂಗಿ ನೋಡೋಣ, ಏಕೆಂದರೆ ಲೆಕ್ಕದ ಮಟ್ಟಿಗೆ ಅವರ ಮಾತು ಸರಿಯಾಗಿದೆ. ಐದನೆಯ ಆವೃತ್ತಿಯ 2014ರ ಡಂಜನ್ ಮಾಸ್ಟರ್ಸ್ ಗೈಡ್ ಎಂಬ ಆಟ ನಡೆಸುವವರ ಪುಸ್ತಕ ಹಳೆಯ ಕಾಲದ ಪಿಸ್ತೂಲಿಗೆ 1ಡಿ10, ಉದ್ದ ನಳಿಕೆಯ ಮಸ್ಕೆಟ್ ಬಂದೂಕಿಗೆ 1ಡಿ12 ಡ್ಯಾಮೇಜ್ ಕೊಡುತ್ತದೆ, ಅಂದರೆ ಹತ್ತು ಅಥವಾ ಹನ್ನೆರಡು ಮುಖದ ಒಂದು ದಾಳದಲ್ಲಿ ಬಿದ್ದ ಅಂಕದಷ್ಟು ಹಾನಿ. ಕಾನ್‌ಸ್ಟಿಟ್ಯೂಷನ್ (ದೇಹದ ಗಟ್ಟಿತನ) 14 ಇರುವ ಹತ್ತನೆಯ ಲೆವೆಲ್‌ನ ಫೈಟರ್‌ಗೆ, ಅಂದರೆ ಪಳಗಿದ ಯೋಧನ ಪಾತ್ರಕ್ಕೆ, ಪುಸ್ತಕದ ಸರಾಸರಿಯನ್ನೇ ಹಿಡಿದರೆ, 84 ಹಿಟ್ ಪಾಯಿಂಟ್ ಇರುತ್ತವೆ; ಪ್ರತಿ ಏಟಿಗೂ ಡ್ಯಾಮೇಜ್‌ನಷ್ಟು ಅವು ಕಡಿಮೆಯಾಗಿ, ಸೊನ್ನೆ ಮುಟ್ಟಿದಾಗ ಪಾತ್ರ ಬೀಳುತ್ತದೆ. ದಾಳದ ಅಂಕವೊಂದನ್ನೇ ಲೆಕ್ಕಕ್ಕೆ ತೆಗೆದುಕೊಂಡರೆ, ಪ್ರತಿ ಸಲವೂ ದಾಳದಲ್ಲಿ 12 ಬಿದ್ದರೂ ಆತ ನೆಲಕ್ಕುರುಳಲು ಮಸ್ಕೆಟ್ ಗುಂಡು ಏಳು ಸಲ ತಗುಲಬೇಕು. ಹೊಡೆಯುವವನ ಡೆಕ್ಸ್‌ಟೆರಿಟಿಯ (ಚುರುಕುತನದ) ಅಂಕ ಸೇರಿಸಿದರೂ ಚಿತ್ರ ಹೆಚ್ಚೇನೂ ಬದಲಾಗುವುದಿಲ್ಲ.

ಆದರೆ ಹಿಟ್ ಪಾಯಿಂಟ್ ಎನ್ನುವುದು ಮೈಮೇಲಿನ ಗಾಯದ ಲೆಕ್ಕವಾಗಿ ಹುಟ್ಟಿದ್ದೇ ಅಲ್ಲ. ಗ್ಯಾರಿ ಗೈಗ್ಯಾಕ್ಸ್ ಜೊತೆ 1974ರಲ್ಲಿ ಈ ಆಟವನ್ನು ರೂಪಿಸಿದ ಡೇವ್ ಆರ್ನೆಸನ್, ಆ ಕಲ್ಪನೆಯನ್ನು ತಾವು ಅಮೆರಿಕದ ಅಂತರ್ಯುದ್ಧ ಕಾಲದ ಕಬ್ಬಿಣದ ಕವಚದ ಹಡಗುಗಳ ಆಟದಿಂದ ತಂದುದಾಗಿ ಹೇಳಿದ್ದಾರೆ. ಹಡಗು ಹಲವು ಗುಂಡುಗಳನ್ನು ತಡೆದುಕೊಂಡು ಆಮೇಲೆ ಮುಳುಗುತ್ತದೆ. ಆಟಗಾರರು ತಮ್ಮ ಪಾತ್ರ ಒಂದೇ ಏಟಿಗೆ ಸಾಯಬಾರದೆಂದು ಬಯಸಿದಾಗ ಆ ಲೆಕ್ಕವೇ ಮನುಷ್ಯರಿಗೂ ಬಂತು. 1979ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿ ಗೈಗ್ಯಾಕ್ಸ್ ಇದಕ್ಕೆ ಸಮರ್ಥನೆಯನ್ನೂ ಕೊಟ್ಟರು: ಈ ಅಂಕಗಳಲ್ಲಿ ದೇಹದ ಪಾಲು ಸ್ವಲ್ಪವೇ, ಉಳಿದದ್ದು ಕೌಶಲ, ಅದೃಷ್ಟ, ದೈವಬಲ ಇತ್ಯಾದಿ.

ಕತ್ತಿಯ ಕಾಳಗದಲ್ಲಿ ಈ ಸಮರ್ಥನೆಯನ್ನು ಯಾರೂ ಪ್ರಶ್ನಿಸುವುದಿಲ್ಲ. ಹತ್ತು ಪಾಯಿಂಟ್ ಹೋಯಿತೆಂದರೆ ಏಟನ್ನು ಗುರಾಣಿಯಿಂದ ತಡೆದು ತೋಳು ಸೋತಿತು, ಎರಡು ಹೆಜ್ಜೆ ಹಿಂದೆ ಸರಿಯಬೇಕಾಯಿತು ಎಂದು ಪ್ರತಿಯೊಬ್ಬರೂ ಮನಸ್ಸಿನಲ್ಲೇ ಚಿತ್ರ ಕಟ್ಟಿಕೊಳ್ಳುತ್ತಾರೆ. ಗುಂಡನ್ನು ಹಾಗೆ ತಡೆಯಲು ಬರುವುದಿಲ್ಲವೆಂದು ಎಲ್ಲರಿಗೂ ಗೊತ್ತಿರುವುದರಿಂದ, ಬಂದೂಕು ಕಾಣಿಸಿಕೊಂಡ ಕೂಡಲೇ ಇಷ್ಟು ದಿನ ತೆಪ್ಪಗಿದ್ದ ಹಿಟ್ ಪಾಯಿಂಟ್‌ಗಳು ಕಣ್ಣಿಗೆ ಚುಚ್ಚತೊಡಗುತ್ತವೆ. ನಿಮ್ಮ ಗೆಳೆಯರಿಗೆ ಆದದ್ದೂ ಇದೇ ಇರಬೇಕು. ದೋಷ ಬಂದೂಕಿನ ಅಂಕದಲ್ಲಿದೆಯೆಂದು ತಿಳಿದು 1ಡಿ12 ಇದ್ದದ್ದನ್ನು 4ಡಿ12 ಮಾಡುವವರನ್ನು ನಾನು ನೋಡಿದ್ದೇನೆ. ಹಾಗೆ ಮಾಡಿದಾಗ ಪಾತ್ರಗಳೆಲ್ಲ ಕತ್ತಿಯನ್ನು ಮೂಲೆಗೆಸೆದು ಬಂದೂಕು ಹಿಡಿಯುತ್ತವೆಯೇ ಹೊರತು ಕಾಳಗವೇನೂ ಹೆಚ್ಚು ನಿಜವಾಗಿ ತೋರುವುದಿಲ್ಲ.

ಇನ್ನು ನಿಜದ ಬಂದೂಕು ಕಾಳಗ ಹೇಗಿರುತ್ತದೆ? ಇಲ್ಲಿ ನಿಮ್ಮ ಗೆಳೆಯರ ಜೊತೆ ನನಗೆ ಭಿನ್ನಾಭಿಪ್ರಾಯವಿದೆ. 1986ರ ಏಪ್ರಿಲ್ 11ರಂದು ಅಮೆರಿಕದ ಮಯಾಮಿಯಲ್ಲಿ ಎಫ್‌ಬಿಐನ ಎಂಟು ಏಜೆಂಟರಿಗೂ ಇಬ್ಬರು ದರೋಡೆಕೋರರಿಗೂ ನಡೆದ ಕಾಳಗದಲ್ಲಿ ಐದು ನಿಮಿಷದೊಳಗೆ ಸುಮಾರು 145 ಗುಂಡುಗಳು ಹಾರಿದವು. ದರೋಡೆಕೋರರಲ್ಲೊಬ್ಬನಿಗೆ ಆರಂಭದಲ್ಲೇ 9 ಎಂಎಂ ಗುಂಡೊಂದು ಶ್ವಾಸಕೋಶವನ್ನು ತೂರಿ ಹೃದಯದ ಸಮೀಪ ನಿಂತಿತ್ತು. ಉಳಿಯುವ ಗಾಯವಲ್ಲ ಅದು. ಆದರೂ ಆತ ಹೋರಾಟ ಮುಂದುವರಿಸಿ, ಸಾಯುವ ಮುನ್ನ ಒಟ್ಟು ಹನ್ನೆರಡರಷ್ಟು ಗಾಯಗಳನ್ನು ಪಡೆದ. ಇಬ್ಬರು ಏಜೆಂಟರು ಸತ್ತರು, ಐವರು ಗಾಯಗೊಂಡರು. ಎದೆಗೆ ಗುಂಡು ಬಿದ್ದವನು ಮರುಕ್ಷಣ ಎದ್ದು ಹೊಡೆದಾಡುವುದು ಅಸಾಧ್ಯವೆಂಬ ಮಾತನ್ನು ಈ ಒಂದು ಘಟನೆಯೇ ಸಡಿಲಗೊಳಿಸುತ್ತದೆ. ಎಫ್‌ಬಿಐ ತನ್ನ ಪಿಸ್ತೂಲುಗಳನ್ನೂ ಗುಂಡುಗಳನ್ನೂ ಬದಲಿಸಲು ಹೊರಟದ್ದು ಇದರ ನಂತರವೇ.

ಇನ್ನೊಂದು ಅಂಕಿ ಇದಕ್ಕಿಂತ ಮುಖ್ಯ. ನ್ಯೂಯಾರ್ಕ್ ಪೊಲೀಸರ ಗುಂಡಿನ ದಾಳಿಗಳನ್ನು ಪರಿಶೀಲಿಸಿದ ರ‍್ಯಾಂಡ್ ಸಂಸ್ಥೆಯ 2008ರ ವರದಿಯ ಪ್ರಕಾರ, 1998ರಿಂದ 2006ರವರೆಗೆ ಎದುರಾಳಿಯೂ ಗುಂಡು ಹಾರಿಸುತ್ತಿದ್ದ ಸಂದರ್ಭಗಳಲ್ಲಿ ಪೊಲೀಸರ ಗುಂಡುಗಳ ಪೈಕಿ ಗುರಿ ಮುಟ್ಟಿದವು ಸರಾಸರಿ ಶೇ. 18 ಮಾತ್ರ, ಎದುರಾಳಿ ಗುಂಡು ಹಾರಿಸದಿದ್ದಾಗ ಅದು ಶೇ. 30. ಇವರು ತರಬೇತಿ ಪಡೆದವರು, ಅಂತರವೂ ಸಾಮಾನ್ಯವಾಗಿ ಹೆಚ್ಚಿರುವುದಿಲ್ಲ. ನಿಮ್ಮ ಮೇಜಿನ ಮೇಲೆ ಹತ್ತನೆಯ ಲೆವೆಲ್‌ನ ಬಿಲ್ಲುಗಾರ ಮೂರರಲ್ಲಿ ಎರಡು ಸಲ ಗುರಿ ಮುಟ್ಟುತ್ತಾನೆ. ನೈಜತೆಯನ್ನು ಅಕ್ಷರಶಃ ತರಲು ಹೊರಟರೆ ಗಾಯಗಳ ಕೋಷ್ಟಕಕ್ಕಿಂತ ಮೊದಲು ಬೇಕಾಗುವುದು ಗುಂಡು ತಪ್ಪುವುದರ ಕೋಷ್ಟಕ, ಮತ್ತು ಐದರಲ್ಲಿ ನಾಲ್ಕು ಸಲ ಏನೂ ಆಗದ ದಾಳವನ್ನು ಉರುಳಿಸುತ್ತ ಕುಳಿತುಕೊಳ್ಳುವುದು ಯಾರಿಗೂ ಮೋಜೆನಿಸುವುದಿಲ್ಲ. ತಪ್ಪಿದ ಗುಂಡುಗಳಿಗೂ ಅರ್ಥ ಬರುವಂತೆ ಮಾಡುವ ದಾರಿಯೊಂದಿದೆ, ಅದನ್ನು ಮುಂದೆ ಹೇಳುತ್ತೇನೆ.

ನೀವು ಆಡಿಸಿದಂಥ ಕೋಷ್ಟಕಗಳ ಪ್ರಯೋಗ ಬಹಳ ಹಳೆಯದು. ಅದರ ತುತ್ತತುದಿಯೆಂದರೆ 1986ರಲ್ಲಿ ಲೀಡಿಂಗ್ ಎಡ್ಜ್ ಗೇಮ್ಸ್ ಪ್ರಕಟಿಸಿದ ಫೀನಿಕ್ಸ್ ಕಮಾಂಡ್ ಎಂಬ ಆಟ. ಗುಂಡು ಮೈಯ ಯಾವ ಭಾಗಕ್ಕೆ ತಗುಲಿತು, ಎಷ್ಟು ಆಳಕ್ಕೆ ಇಳಿಯಿತು, ಯಾವ ಅಂಗಕ್ಕೆ ಏನಾಯಿತು, ಚಿಕಿತ್ಸೆ ಎಷ್ಟು ಹೊತ್ತಿನಲ್ಲಿ ಸಿಕ್ಕರೆ ಬದುಕುವ ಸಾಧ್ಯತೆ ಎಷ್ಟು ಎಂಬುದಕ್ಕೆಲ್ಲ ಅದರಲ್ಲಿ ಪ್ರತ್ಯೇಕ ಕೋಷ್ಟಕಗಳಿವೆ. ಓದಲು ಅದು ಸೊಗಸಾದ ಪುಸ್ತಕ. ಆಡಲು ಕುಳಿತರೆ ಕೆಲವು ಸೆಕೆಂಡುಗಳ ಕಾಳಗವೇ ಒಂದು ಸಂಜೆಯನ್ನು ನುಂಗುತ್ತದೆ. ಅದರ ನಿಜವಾದ ಕೊರತೆ ನಿಧಾನವೂ ಅಲ್ಲ. ಆ ಕೋಷ್ಟಕಗಳ ಪೈಕಿ ಬಹುಪಾಲು ಕೆಲಸಕ್ಕೆ ಬರುವುದು ಆಟಗಾರ ತನ್ನ ನಿರ್ಧಾರ ತೆಗೆದುಕೊಂಡಾದ ಮೇಲೆ. ಗುಂಡು ಎಡ ಶ್ವಾಸಕೋಶಕ್ಕೆ ಹೋಯಿತೋ ಬಲ ಶ್ವಾಸಕೋಶಕ್ಕೋ ಎಂಬುದನ್ನು ದಾಳ ಹೇಳುತ್ತದೆ, ಆಟಗಾರ ಕೇಳಿಸಿಕೊಳ್ಳುತ್ತಾನೆ, ಅಷ್ಟೇ. ಅಲ್ಲಿ ಅವನು ಆರಿಸುವುದಕ್ಕೆ ಏನೂ ಇರುವುದಿಲ್ಲ. ನಿಮ್ಮ ಮಧ್ಯಾಹ್ನ ಕಳೆದದ್ದೂ ಇಂಥ ಕೇಳಿಸಿಕೊಳ್ಳುವಿಕೆಯಲ್ಲೇ ಎಂದು ನನ್ನ ಊಹೆ.

ಲೆಕ್ಕದ ನಿಖರತೆಯೇ ತಪ್ಪೆಂದು ನಾನು ಹೇಳುತ್ತಿಲ್ಲ. ಸ್ಟೀವ್ ಜ್ಯಾಕ್ಸನ್ ಅವರ ಗರ್ಪ್ಸ್ ಎಂಬ ಇಂಥದೇ ಆಟವನ್ನು ನೋಡಿ. ಅದರ 2004ರ ನಾಲ್ಕನೆಯ ಆವೃತ್ತಿಯಲ್ಲಿ 9 ಎಂಎಂ ಪಿಸ್ತೂಲಿಗೆ 2ಡಿ+2, 5.56 ಎಂಎಂ ರೈಫಲ್‌ಗೆ 5ಡಿ, 7.62 ಎಂಎಂ ನೇಟೊ ರೈಫಲ್‌ಗೆ 7ಡಿ ಡ್ಯಾಮೇಜ್. ಎಲ್ಲವೂ ಆರು ಮುಖದ ದಾಳಗಳು, ಆದ್ದರಿಂದ ಸರಾಸರಿ 9, 17.5 ಮತ್ತು 24.5. ಈ ಗುಂಡುಗಳ ಚಲನಶಕ್ತಿ ಸುಮಾರು 500, 1,750 ಮತ್ತು 3,350 ಜೂಲ್. ಆ ಶಕ್ತಿಗಳ ವರ್ಗಮೂಲ ತೆಗೆದು ಪಕ್ಕದಲ್ಲಿಟ್ಟರೆ ಅನುಪಾತಗಳು ಹೆಚ್ಚುಕಡಿಮೆ ಹೊಂದಿಕೊಳ್ಳುತ್ತವೆ. ಇಷ್ಟು ಲೆಕ್ಕವನ್ನೂ ಪುಸ್ತಕ ಬರೆದವರೇ ಮೊದಲೇ ಮಾಡಿ ಮುಗಿಸಿದ್ದಾರೆ. ಆಡುವವನ ಪಾಲಿಗೆ ಉಳಿಯುವುದು ಒಂದು ಹಿಡಿ ದಾಳ ಉರುಳಿಸುವುದು ಮಾತ್ರ. ನೈಜತೆಯ ಹೊರೆಯನ್ನು ಬರೆಯುವ ಮೇಜಿನ ಮೇಲೆ ಇಳಿಸಿ ಆಡುವ ಮೇಜನ್ನು ಹಗುರ ಮಾಡುವುದು ಹೀಗೆ. ಅದೇ ಆಟದಲ್ಲಿ ಒಂದು ಟರ್ನ್ ಎಂದರೆ ಒಂದು ಸೆಕೆಂಡ್. ಗುರಿಯಿಟ್ಟು ನೋಡಲು ಒಂದು ಟರ್ನ್ ಕಳೆದರೆ ಅಂಕ ಹೆಚ್ಚುತ್ತದೆ, ಆದರೆ ಆ ಸೆಕೆಂಡಿನಲ್ಲಿ ಎದುರಿನವನು ಹೊಡೆಯಬಹುದು. ಆಟಗಾರನ ಎದೆ ಹೊಡೆದುಕೊಳ್ಳುವುದು ಈ ಆಯ್ಕೆಯ ಮುಂದೆ ನಿಂತಾಗ. ಜೂಲ್‌ಗಳ ಲೆಕ್ಕ ಅವನಿಗೆ ಗೊತ್ತೇ ಇರಬೇಕಿಲ್ಲ.

ನೈಜತೆಯ ಹೆಸರಿನಲ್ಲಿ ಒಂದೇ ಎಳೆಯನ್ನು ಎಳೆದರೆ ಬಟ್ಟೆ ಎಲ್ಲಿ ಹರಿಯುತ್ತದೆಂಬುದಕ್ಕೆ ಇಂಥದೇ ಇನ್ನೊಂದು ಆಟವಾದ ಪಾತ್‌ಫೈಂಡರ್ ಒಳ್ಳೆಯ ಉದಾಹರಣೆ. 2011ರ ಅಲ್ಟಿಮೇಟ್ ಕಾಂಬ್ಯಾಟ್ ಪುಸ್ತಕದಲ್ಲಿ, ಬಂದೂಕಿನ ಗುಂಡು ಕವಚವನ್ನು ತೂರಿಹೋಗುತ್ತದೆಂಬ ಆಧಾರದ ಮೇಲೆ, ಹತ್ತಿರದ ಅಂತರದಲ್ಲಿ ಗುಂಡು ತಗುಲಲು ಎದುರಾಳಿಯ ಪೂರ್ಣ ಆರ್ಮರ್ ಕ್ಲಾಸ್ (ಏಟು ತಗುಲಲು ಮುಟ್ಟಬೇಕಾದ ಅಂಕ) ಬದಲು, ಕವಚ ಮತ್ತು ಚರ್ಮದ ರಕ್ಷಣೆಯನ್ನು ಬಿಟ್ಟು ಎಣಿಸುವ ಟಚ್ ಆರ್ಮರ್ ಕ್ಲಾಸ್ ಮುಟ್ಟಿದರೆ ಸಾಕೆಂದು ನಿಯಮ ಮಾಡಿದರು. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಆ ಆಟದಲ್ಲಿ ಮುದಿ ಡ್ರ್ಯಾಗನ್‌ನ ರಕ್ಷಣೆಯೆಲ್ಲ ಅದರ ದಪ್ಪ ಚರ್ಮದಲ್ಲೇ ಇದೆ. ಪೂರ್ಣ ಆರ್ಮರ್ ಕ್ಲಾಸ್ ಮೂವತ್ತನ್ನು ಮೀರಿದ್ದರೂ ಭಾರೀ ಗಾತ್ರದ ಕಾರಣ ಟಚ್ ಅಂಕ ಹತ್ತಕ್ಕಿಂತ ಕೆಳಗೆ. ಹೀಗಾಗಿ ಜಗತ್ತಿನಲ್ಲೇ ಅತಿ ಭಯಂಕರವಾದ ಪ್ರಾಣಿಗೆ ಗುಂಡು ಹೊಡೆಯುವುದು ಚರ್ಮದ ಅಂಗಿ ತೊಟ್ಟ ಕಳ್ಳನಿಗೆ ಹೊಡೆಯುವುದಕ್ಕಿಂತ ಸುಲಭವಾಯಿತು. ಇತಿಹಾಸದ ದೃಷ್ಟಿಯಿಂದಲೂ ಆ ಆಧಾರ ಅರ್ಧ ಸತ್ಯವೇ: ಯುರೋಪಿನ ಕಮ್ಮಾರರು ಎದೆಕವಚಗಳ ಮೇಲೆ ತಾವೇ ಗುಂಡು ಹೊಡೆದು ಪರೀಕ್ಷಿಸಿ, ಅದರ ತಗ್ಗನ್ನು ಗುಣಮಟ್ಟದ ಗುರುತಾಗಿ ಹಾಗೇ ಬಿಟ್ಟು ಮಾರುತ್ತಿದ್ದರು. ಪಾತ್‌ಫೈಂಡರ್‌ನ 2019ರ ಎರಡನೆಯ ಆವೃತ್ತಿ ಟಚ್ ಆರ್ಮರ್ ಕ್ಲಾಸ್ ಅನ್ನೇ ಕೈಬಿಟ್ಟಿತು. 2021ರ ಗನ್ಸ್ ಅಂಡ್ ಗಿಯರ್ಸ್ ಪುಸ್ತಕದಲ್ಲಿ ಬಂದೂಕುಗಳ ಸಾಮಾನ್ಯ ಏಟು ಚಿಕ್ಕದು, ಆದರೆ ಕ್ರಿಟಿಕಲ್ (ಅತ್ಯುತ್ತಮ ಏಟು) ಬಿದ್ದಾಗ ದಾಳವೇ ದೊಡ್ಡದಾಗುತ್ತದೆ: ಫ್ಲಿಂಟ್‌ಲಾಕ್ ಮಸ್ಕೆಟ್‌ನ ಡಿ6 ಹೋಗಿ ಡಿ10 ಆಗುತ್ತದೆ, ಮೇಲೊಂದು ಹೆಚ್ಚುವರಿ ದಾಳವೂ ಬರುತ್ತದೆ. ಬಹುತೇಕ ಸಲ ಸವರಿಹೋಗಿ ಎಂದೋ ಒಮ್ಮೆ ಎಲ್ಲವನ್ನೂ ಮುಗಿಸುವ ಈ ಗುಣ, ಕವಚ ತೂರುವ ನಿಯಮಕ್ಕಿಂತ ಬಂದೂಕಿನ ಸ್ವಭಾವಕ್ಕೆ ಹೆಚ್ಚು ಹತ್ತಿರವೆಂದು ನನ್ನ ಅಭಿಪ್ರಾಯ.

ಆದ್ದರಿಂದ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ಉಳಿಸಿಕೊಳ್ಳಬೇಕಾದ ನೈಜತೆ ಗುಂಡು ಹಾರುವುದಕ್ಕೆ ಮೊದಲಿನದು, ಬಿಡಬಹುದಾದ ನೈಜತೆ ಗುಂಡು ತಗುಲಿದ ನಂತರದ್ದು. ಬಂದೂಕನ್ನು ಕಂಡಾಗ ನಿಜವಾದ ಮನುಷ್ಯ ಏನು ಮಾಡುತ್ತಾನೋ, ಅಂದರೆ ಹಿಂಜರಿಯುವುದು, ಮರೆಗೆ ಓಡುವುದು, ಮಾತಿಗೆ ಇಳಿಯುವುದು, ಎಷ್ಟು ಗುಂಡು ಉಳಿದಿವೆಯೆಂದು ಎಣಿಸುವುದು, ಅದನ್ನೇ ನಿಮ್ಮ ಆಟಗಾರರೂ ತಮ್ಮ ಇಚ್ಛೆಯಿಂದ ಮಾಡತೊಡಗಿದರೆ ನಿಮ್ಮ ನಿಯಮ ನೈಜವಾಯಿತು. ಅದಕ್ಕೆ ಒಂದೇ ದಾಳ ಸಾಕಾದರೆ ಇನ್ನೂ ಒಳ್ಳೆಯದು.

ಇದನ್ನು ಸಾಧಿಸಿದ ಆಟಗಳು ಹಲವಿವೆ. 1981ರಲ್ಲಿ ಬಂದ ಕಾಲ್ ಆಫ್ ಕ್ಥುಲ್ಹುವಿನಲ್ಲಿ ಸಾಮಾನ್ಯ ಮನುಷ್ಯನಿಗೆ ಹನ್ನೊಂದು ಹನ್ನೆರಡು ಹಿಟ್ ಪಾಯಿಂಟ್, ಎಷ್ಟೇ ಅನುಭವ ಬಂದರೂ ಅದು ಬೆಳೆಯುವುದಿಲ್ಲ. ಹನ್ನೆರಡು ಬೋರ್‌ನ ಶಾಟ್‌ಗನ್ ಹತ್ತಿರದಿಂದ 4ಡಿ6, ಅಂದರೆ ಸರಾಸರಿ 14. ಅಂಕಗಣಿತ ಮೂರನೆಯ ತರಗತಿಯದು, ಆದರೂ ಶಾಟ್‌ಗನ್ ಹಿಡಿದವನ ಎದುರು ಯಾವ ಆಟಗಾರನೂ ಎದೆಯುಬ್ಬಿಸಿ ನಿಲ್ಲುವುದಿಲ್ಲ. 1998ರ ಅನ್‌ನೋನ್ ಆರ್ಮೀಸ್ ತನ್ನ ಕಾಳಗದ ಅಧ್ಯಾಯವನ್ನು ಕಾಳಗ ತಪ್ಪಿಸುವ ಆರು ದಾರಿಗಳಿಂದಲೇ ಆರಂಭಿಸುತ್ತದೆ: ಶರಣಾಗುವುದು, ಪೊಲೀಸರನ್ನು ಕರೆಯುವುದು, ಓಡಿಹೋಗುವುದು ಇತ್ಯಾದಿ. ಅದರಲ್ಲಿ ಕೈಕೈ ಮಿಲಾಯಿಸಿದರೆ ನೂರರ ದಾಳದ (ಹತ್ತು ಮುಖದ ಎರಡು ದಾಳಗಳ ಜೋಡಿ) ಎರಡು ಅಂಕಿಗಳನ್ನು ಕೂಡಿಸಿ ಗಾಯ ಲೆಕ್ಕಹಾಕುತ್ತಾರೆ, ಬಂದೂಕಾದರೆ ದಾಳದಲ್ಲಿ ಬಿದ್ದ ಸಂಖ್ಯೆಯೇ ಪೂರ್ತಿ ಗಾಯ. 38 ಬಿದ್ದರೆ ಮುಷ್ಟಿಗೆ 11, ಬಂದೂಕಿಗೆ 38. ಇದರ ಮೇಲೆ, ಪಾತ್ರಕ್ಕೆ ಎಷ್ಟು ಗಾಯವಾಗಿದೆಯೆಂಬ ಸಂಖ್ಯೆಯನ್ನು ಗೇಮ್ ಮಾಸ್ಟರ್ (ಆಟ ನಡೆಸುವವರು) ಗುಟ್ಟಾಗಿ ಇಟ್ಟುಕೊಂಡು ಬರಿಯ ವರ್ಣನೆ ಕೊಡುತ್ತಾರೆ. ಇನ್ನೆಷ್ಟು ಏಟು ತಿನ್ನಬಹುದೆಂಬ ಲೆಕ್ಕ ಕೈಯಲ್ಲಿಲ್ಲದವನ ಭಯ ಬೇರೆಯೇ.

2004ರ ಡಾಗ್ಸ್ ಇನ್ ದ ವಿನ್‌ಯಾರ್ಡ್ ಇನ್ನೂ ಸೂಕ್ಷ್ಮವಾಗಿ ಯೋಚಿಸಿದೆ. ಜಗಳ ಮಾತಿನಲ್ಲಿರುವಾಗ ಅದರ ಪರಿಣಾಮದ ದಾಳ ಡಿ4, ಕೈ ಮಿಲಾಯಿಸಿದರೆ ಡಿ6, ಆಯುಧ ಎತ್ತಿದರೆ ಡಿ8, ಬಂದೂಕು ಹೊರತೆಗೆದರೆ ಡಿ10. ಮಾತಿನಲ್ಲಿ ಸೋಲುತ್ತಿರುವ ಆಟಗಾರ ಮೆಟ್ಟಿಲು ಹತ್ತಿದರೆ ಹೊಸ ದಾಳಗಳು ಕೈಗೆ ಬರುತ್ತವೆ, ಗೆಲ್ಲಲೂಬಹುದು. ಆದರೆ ಈ ಮಾತಿಗೆ ಕೊಲ್ಲಬೇಕೇ ಎಂಬ ಪ್ರಶ್ನೆಯನ್ನು ನಿಯಮವೇ ಅವನ ಮುಂದಿಡುತ್ತದೆ. ಬಂದೂಕಿನ ಕ್ಯಾಲಿಬರ್ ಏನೆಂದು ಆ ಆಟ ಕೇಳುವುದೇ ಇಲ್ಲ. ನಾನು ಕಂಡ ಬಂದೂಕಿನ ನಿಯಮಗಳಲ್ಲಿ ಇದಕ್ಕಿಂತ ನಿಜವಾದದ್ದು ವಿರಳ.

ಗುಂಡುಗಳ ಎಣಿಕೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮದ್ದು ತುಂಬುವ ಬಂದೂಕಿಗೆ ಎಣಿಕೆ ಸುಲಭ. ಸ್ವಯಂಚಾಲಿತ ಆಯುಧಗಳಿಗೆ 2021ರ ಟ್ವಿಲೈಟ್: 2000 ಆಟದ ಉಪಾಯ ಚೆನ್ನಾಗಿದೆ. ಅಲ್ಲಿ ಆಟಗಾರ ಆಯುಧದ ಮಿತಿಯೊಳಗೆ ತನಗೆ ಬೇಕಾದಷ್ಟು ಹೆಚ್ಚುವರಿ ದಾಳಗಳನ್ನು ಉರುಳಿಸಬಹುದು, ಆರು ಬಿದ್ದರೆ ಲಾಭ, ಆದರೆ ಆ ದಾಳಗಳಲ್ಲಿ ಬಿದ್ದ ಅಂಕಗಳ ಮೊತ್ತದಷ್ಟು ಗುಂಡುಗಳು ಖಾಲಿಯಾಗುತ್ತವೆ. ದುರಾಸೆಯೂ ಲೆಕ್ಕವೂ ಒಂದೇ ಉರುಳಿನಲ್ಲಿ ಮುಗಿದುಹೋಗುತ್ತವೆ.

ಮೋಜಿನ ಪಕ್ಷವನ್ನೂ ಒಂದು ಮಾತಿನಲ್ಲಿ ಹೇಳದಿದ್ದರೆ ಅನ್ಯಾಯವಾದೀತು. ರಾಬಿನ್ ಲಾಸ್ ಅವರ 1996ರ ಫೆಂಗ್ ಶುಯಿ ಹಾಂಗ್‌ಕಾಂಗ್‌ನ ಹೊಡೆದಾಟದ ಸಿನಿಮಾಗಳನ್ನು ಮೇಜಿಗೆ ತರುವ ಆಟ. ಅದರಲ್ಲಿ ಪಂಪ್ ಶಾಟ್‌ಗನ್ನನ್ನು ಸದ್ದು ಬರುವಂತೆ ಎಳೆಯಲು ಸ್ವಲ್ಪ ಸಮಯ ವ್ಯಯಿಸಿದರೆ ಡ್ಯಾಮೇಜ್ ಒಂದು ಅಂಕ ಹೆಚ್ಚುತ್ತದೆ. ಭೌತಶಾಸ್ತ್ರದ ದೃಷ್ಟಿಯಿಂದ ಇದು ಶುದ್ಧ ಅಸಂಬದ್ಧ, ಆದರೆ ಆ ಲೋಕಕ್ಕೆ ಪೂರ್ತಿ ಪ್ರಾಮಾಣಿಕ, ಏಕೆಂದರೆ ಅಲ್ಲಿಯೂ ನಿಯಮ ಆಟಗಾರನನ್ನು ಆ ಲೋಕದ ಮನುಷ್ಯನಂತೆ ನಡೆಯಲು ಪುಸಲಾಯಿಸುತ್ತದೆ.

ಈಗ ನಿಮ್ಮ ಭಾನುವಾರದ ಆಟಕ್ಕೆ ಬರೋಣ. ಡ್ಯಾಮೇಜ್ ದಾಳಗಳನ್ನು ಮುಟ್ಟಬೇಡಿ, ಗಾಯದ ಕೋಷ್ಟಕಗಳನ್ನು ಕಟ್ಟಿಡಿ. ಬದಲಿಗೆ ಮದ್ದು ತುಂಬುವುದನ್ನು ಕಷ್ಟ ಮಾಡಿ. ಪಳಗಿದ ಸೈನಿಕ ಮಸ್ಕೆಟ್‌ನಿಂದ ನಿಮಿಷಕ್ಕೆ ಮೂರು ಗುಂಡು ಹಾರಿಸಿದರೆ ಹೆಚ್ಚು. ಐದನೆಯ ಆವೃತ್ತಿಯ ಲೋಡಿಂಗ್ ನಿಯಮ ಆರು ಸೆಕೆಂಡಿನ ಪ್ರತಿ ರೌಂಡಿಗೂ ಒಂದು ಗುಂಡಿಗೆ ಅವಕಾಶ ಕೊಡುವುದರಿಂದ ನಿಮಿಷಕ್ಕೆ ಹತ್ತಾಗುತ್ತದೆ. ಇತಿಹಾಸದ ಲೆಕ್ಕದಂತೆ ಮೂರು ರೌಂಡ್ ಕಾಯಿಸಿದರೆ ಆಟಗಾರ ಆಕಳಿಸುತ್ತಾನೆ, ಆದ್ದರಿಂದ ಪೂರ್ತಿ ಒಂದು ಆಕ್ಷನ್ (ಒಂದು ಸರದಿಯ ಮುಖ್ಯ ಕ್ರಿಯೆ) ಸಾಕು. ಪಕ್ಕದಲ್ಲಿರುವವರು ಅದನ್ನು ತುಂಬಿಕೊಡಬಹುದೆಂದೂ ಸೇರಿಸಿ. ಆಗ ಒಬ್ಬ ಹೊಡೆಯುವುದು, ಒಬ್ಬ ತುಂಬುವುದು, ಒಬ್ಬ ಅವರಿಬ್ಬರನ್ನೂ ಕಾಯುವುದು ಎಂಬ ವ್ಯವಸ್ಥೆಯನ್ನು ಆಟಗಾರರೇ ಕಟ್ಟಿಕೊಳ್ಳುತ್ತಾರೆ. ಸೊಂಟದಲ್ಲಿ ನಾಲ್ಕು ಪಿಸ್ತೂಲು ಸಿಕ್ಕಿಸಿಕೊಂಡು ಬರುತ್ತೇನೆಂದು ಯಾರಾದರೂ ಕೇಳಿದರೆ ಸಂತೋಷವಾಗಿ ಒಪ್ಪಿ. ಕಡಲುಗಳ್ಳರು ಹಾಗೆಯೇ ಮಾಡುತ್ತಿದ್ದರು, ಮತ್ತು ಪುಸ್ತಕದ ಪ್ರಕಾರ ಒಂದೊಂದಕ್ಕೂ 250 ಚಿನ್ನದ ನಾಣ್ಯ ಬೀಳುತ್ತದೆ.

ತಪ್ಪಿದ ಗುಂಡಿಗೆ ಅರ್ಥ ಕೊಡುವ ದಾರಿ ಇದು: ಗುಂಡಿಗೆ ಗುರಿಯಾದವನು, ಅದು ತಗುಲಲಿ ಬಿಡಲಿ, 10ರ ವಿಸ್ಡಮ್ ಸೇವಿಂಗ್ ಥ್ರೋ ಮಾಡಬೇಕು (ಮನೋಬಲದ ಅಂಕ ಸೇರಿಸಿದ ದಾಳದಲ್ಲಿ 10 ಮುಟ್ಟಬೇಕು), ಸೋತರೆ ತನ್ನ ಮುಂದಿನ ಟರ್ನ್‌ನಲ್ಲಿ ಮರೆಗೆ ಸರಿಯಬೇಕು ಅಥವಾ ನೆಲಕ್ಕೊರಗಬೇಕು, ಎರಡನ್ನೂ ಮಾಡದಿದ್ದರೆ ಅವನ ದಾಳಿಗಳೆಲ್ಲ ಡಿಸ್‌ಅಡ್ವಾಂಟೇಜ್‌ನಲ್ಲಿ, ಅಂದರೆ ಎರಡು ದಾಳ ಉರುಳಿಸಿ ಕಡಿಮೆಯದನ್ನೇ ಹಿಡಿಯಬೇಕು. ನಡೆದಾಡುವ ಹೆಣಗಳಿಗೂ ಯಂತ್ರಗಳಿಗೂ ಇದು ಅನ್ವಯಿಸುವುದಿಲ್ಲ. ಶೇ. 18ರ ಹಿಂದಿರುವ ನಡುಕವನ್ನು ತರಲು ಇಷ್ಟು ಸಾಕು. ಸದ್ದನ್ನೂ ಮರೆಯಬೇಡಿ. ಮಲೆನಾಡಿನ ತೋಟದಲ್ಲಿ ಮಂಗ ಓಡಿಸಲು ಕೋವಿ ಹಾರಿಸಿದ್ದನ್ನು ಕೇಳಿದವರಿಗೆ ಒಂದು ಈಡು ಎಷ್ಟು ದೂರ ಹೋಗುತ್ತದೆಂದು ಗೊತ್ತು. ನೆಲಮಾಳಿಗೆಯ ಕಲ್ಲಿನ ಕೋಣೆಯಲ್ಲಿ ಅದು ಇಡೀ ಕೋಟೆಯನ್ನು ಎಬ್ಬಿಸಬೇಕು. ಪ್ರತಿ ಗುಂಡಿಗೂ ನೀವೊಂದು ಡಿ6 ಉರುಳಿಸಿ, 1 ಬಿದ್ದರೆ ಯಾರೋ ಬರುತ್ತಿದ್ದಾರೆಂದು ತಿಳಿಸಿ.

ವರ್ಣನೆಯಲ್ಲಿ ಒಂದು ಶಿಸ್ತು ಬೇಕು. ಹಿಟ್ ಪಾಯಿಂಟ್ ಉಳಿದಿರುವವರೆಗೆ ಗುಂಡು ಭುಜ ಸವರಿತು, ಕಂಬದ ಚೂರು ಮುಖಕ್ಕೆ ಸಿಡಿಯಿತು ಎಂದೇ ಹೇಳಿ. ಸೊನ್ನೆಗೆ ಇಳಿಸಿದ ಗುಂಡು ಮಾತ್ರ ಮೈಯೊಳಗೆ ಹೋದ ಗುಂಡು, ಮತ್ತು ಅದಕ್ಕೆ ಮಾತ್ರ ಡಂಜನ್ ಮಾಸ್ಟರ್ಸ್ ಗೈಡ್‌ನ ದೀರ್ಘಕಾಲ ಉಳಿಯುವ ಗಾಯಗಳ ಐಚ್ಛಿಕ ಕೋಷ್ಟಕವನ್ನು ಬಳಸಿ. ಅದೇ ಪುಸ್ತಕದ ಮ್ಯಾಸಿವ್ ಡ್ಯಾಮೇಜ್ ನಿಯಮ ನಿಮಗೆ ನೆರವಾಗದು: ಒಂದೇ ಏಟಿಗೆ ಅರ್ಧ ಹಿಟ್ ಪಾಯಿಂಟ್ ಹೋದರೆ ಮಾತ್ರ ಅದು ಎಚ್ಚರಗೊಳ್ಳುತ್ತದೆ, ಆದ್ದರಿಂದ ಹತ್ತನೆಯ ಲೆವೆಲ್‌ನವನನ್ನು ಬಿಟ್ಟು ಮೊದಲ ಲೆವೆಲ್‌ನವನನ್ನು ಹಿಂಸಿಸುತ್ತದೆ. ಕೈಕಟ್ಟಿ ಕೂರಿಸಿದವನ ಹಣೆಗೆ ಪಿಸ್ತೂಲು ಇಟ್ಟಾಗ ಮಾತ್ರ ಹಿಟ್ ಪಾಯಿಂಟ್‌ಗಳ ಮಾತೇ ಬೇಡ. ಅಲ್ಲಿ ಗುಂಡು ಹಾರಿದರೆ ಆತ ಸತ್ತ, ನಿಮ್ಮ ಆಟಗಾರರಿಗೂ ಇದು ಅಷ್ಟೇ ಅನ್ವಯಿಸುತ್ತದೆಂದು ಆಟಕ್ಕೆ ಮೊದಲೇ ಹೇಳಿಬಿಡಿ. ಒತ್ತೆಯಾಳಿನ ದೃಶ್ಯಗಳಿಗೆ ಆಗ ಬೆಲೆ ಬರುತ್ತದೆ.

ಮುಂದೊಮ್ಮೆ ರಿವಾಲ್ವರ್‌ಗಳೂ ರೈಫಲ್‌ಗಳೂ ಇರುವ ಆಧುನಿಕ ಕಾಲದ ಕ್ಯಾಂಪೇನ್ (ಉದ್ದನೆಯ ಕಥಾಸರಣಿ) ಮಾಡುವ ಮನಸ್ಸಿದ್ದರೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನು ತಿದ್ದುವ ಶ್ರಮ ಬೇಡ, ಕಾಲ್ ಆಫ್ ಕ್ಥುಲ್ಹು ಅಥವಾ ಡೆಲ್ಟಾ ಗ್ರೀನ್ ಹಿಡಿಯಿರಿ. ಎರಡನೆಯದರಲ್ಲಿ ಭಾರೀ ಆಯುಧಗಳಿಗೆ ಲೆಥಾಲಿಟಿ ಎಂಬ ಶೇಕಡಾವಾರು ಅಂಕವಿದೆ: ಅದು 10 ಆಗಿದ್ದು ನೂರರ ದಾಳದಲ್ಲಿ 10 ಅಥವಾ ಕಡಿಮೆ ಬಿದ್ದರೆ ಎದುರಿನವನು ಅಲ್ಲೇ ಸತ್ತ, ಇಲ್ಲದಿದ್ದರೆ ಎರಡು ದಾಳಗಳ ಮೊತ್ತವೇ ಗಾಯ. ನಿಮ್ಮ ಗೆಳೆಯರ ಇಡೀ ಕೋಷ್ಟಕದ ಕೆಲಸವನ್ನು ಆ ಒಂದು ಉರುಳು ಮಾಡಿ ಮುಗಿಸುತ್ತದೆ.

ಮೊಬೈಲ್ ನೋಡುತ್ತ ಕುಳಿತ ಇಬ್ಬರ ವಿಷಯ ಉಳಿಯಿತು. ಪಾತ್ರ ಸತ್ತದ್ದರಿಂದ ಅವರಿಗೆ ಬೇಸರವಾಗಿರಲಿಕ್ಕಿಲ್ಲ, ಮಾಡಲು ಕೆಲಸವಿಲ್ಲದ್ದರಿಂದ ಆಗಿರುತ್ತದೆ. ಬಂದೂಕಿರುವ ಕಾಳಗಕ್ಕೆ ಕೂರುವಾಗ ಪ್ರತಿಯೊಬ್ಬರ ಬಳಿಯೂ ಎರಡನೆಯ ಪಾತ್ರವೊಂದು, ಕುದುರೆಯಾಳೋ ದಾರಿತೋರುವವನೋ, ಕಾಗದದ ಮೇಲೆ ಸಿದ್ಧವಿರಲಿ. ಅದೂ ಇಲ್ಲದಿದ್ದರೆ ಸತ್ತವನ ಆಟಗಾರನಿಗೆ ಶತ್ರುಗಳ ಪೈಕಿ ಅರ್ಧದಷ್ಟನ್ನು ಒಪ್ಪಿಸಿ. ಆಯುಧ ಬಲ್ಲ ಗೆಳೆಯರಿಗೆ, ನಿಮ್ಮ ಲೋಕದ ಪ್ರತಿ ಬಂದೂಕಿಗೂ ಬೆಲೆ ಎಷ್ಟು, ಮದ್ದು ಎಲ್ಲಿ ಸಿಗುತ್ತದೆ, ಮಳೆಯಲ್ಲಿ ನೆನೆದರೆ ಏನಾಗುತ್ತದೆ, ದುರಸ್ತಿ ಯಾರು ಮಾಡುತ್ತಾರೆ ಎಂದು ಒಂದೊಂದು ಸಾಲಿನಲ್ಲಿ ಬರೆದುಕೊಡಲು ಕೇಳಿ. ಮುಂದಿನ ಭಾನುವಾರದೊಳಗೆ ಆ ಹಾಳೆ ನಿಮ್ಮ ಕೈಯಲ್ಲಿದ್ದರೆ ಕಥೆಯ ಮುಂದಿನ ಊರನ್ನು ಅದರಿಂದಲೇ ಕಟ್ಟಬಹುದು.